ಮಲಯಾಳ ಚೀಟಿ ಓದಿ ಹೇಳುವ ಕೆಲಸ ನನ್ನದು. ಪತ್ರಿಕೆಗೆ ಬರೆಯಲು ಎಲ್ಲಿಂದ ಶುರು ಮಾಡಲಿ?

ಪೆರ್ಲದವಳು:

ಎಲ್ಲರಿಗೂ ನಮಸ್ಕಾರ. ನಾನು ಪೆರ್ಲದ ಹತ್ತಿರದವಳು. ವಯಸ್ಸು 26. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಮಾಡಿದ್ದೇನೆ. ನಾಲ್ಕು ವರ್ಷದಿಂದ ಒಂದು ಅಕ್ಷಯ ಕೇಂದ್ರದಲ್ಲಿ (ಕೇರಳದಲ್ಲಿ ಸರಕಾರಿ ಸೇವೆಗಳ ಅರ್ಜಿ ಹಾಕಿಸುವ ಕೇಂದ್ರ) ಕೆಲಸ. ಆಧಾರ್ ತಿದ್ದುಪಡಿ, ಆದಾಯ ಸರ್ಟಿಫಿಕೇಟ್, ರೇಷನ್ ಕಾರ್ಡು, ಪಿಂಚಣಿ ಮಸ್ಟರಿಂಗ್ (ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ದಾಖಲಿಸುವುದು), ಕರೆಂಟ್ ಬಿಲ್ಲು. ದಿನವಿಡೀ ಇದೇ.

ನಮ್ಮಲ್ಲಿಗೆ ಬರುವ ತುಂಬಾ ಜನರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾನೂ ಓದಿದ್ದು ಕನ್ನಡ ಮೀಡಿಯಂ. ಮಲಯಾಳ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ, ಉಳಿದದ್ದು ಈ ಕೆಲಸಕ್ಕೆ ಸೇರಿದ ಮೇಲೆ. ಈಗ ಅರ್ಜಿ ತುಂಬುವುದಕ್ಕಿಂತ ಜಾಸ್ತಿ ಹೊತ್ತು ಕಾಗದ ಓದಿ ಹೇಳುವುದರಲ್ಲೇ ಹೋಗುತ್ತದೆ.

ಕಳೆದ ತಿಂಗಳು ಒಬ್ಬರು ಅಜ್ಜ ಬಂದರು. 78 ವರ್ಷ. ಛತ್ರಿಯ ಮಡಿಕೆಯೊಳಗಿಂದ ನಾಲ್ಕಾಗಿ ಮಡಚಿದ ಒಂದು ಚೀಟಿ ತೆಗೆದರು. ಮನೆಯಲ್ಲಿಟ್ಟರೆ ಕಳೆದುಹೋಗುತ್ತದೆ, ಛತ್ರಿಯನ್ನಾದರೆ ನಾನು ಮರೆಯುವುದಿಲ್ಲ, ಅದಕ್ಕೆ ಅಲ್ಲೇ ಇಟ್ಟೆ ಅಂದರು. ಮಳೆನೀರು ತಾಗಿ ಅಕ್ಷರ ಸ್ವಲ್ಪ ಹರಡಿತ್ತು. "ಇದರಲ್ಲಿ ಒಳ್ಳೆ ಸುದ್ದಿ ಉಂಟಾ?" ಅಂತ ಕೇಳಿದರು. ಪಿಂಚಣಿಯ ಮಸ್ಟರಿಂಗ್ ಇಂಥ ದಿನದೊಳಗೆ ಮಾಡಿಸಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ ಎಂದು ಮಲಯಾಳದಲ್ಲಿ ಬರೆದಿತ್ತು. ಆ ದಿನ ಕಳೆದು 11 ದಿನ ಆಗಿತ್ತು. ಚೀಟಿ ಎರಡು ವಾರಕ್ಕಿಂತ ಜಾಸ್ತಿ ಅವರ ಛತ್ರಿಯಲ್ಲೇ ಇತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು ಒಂದು ಲೇಖನ ಬರೆದೆ. ಒಂದು ಪತ್ರಿಕೆಗೆ ಕಳಿಸಿದೆ. ಮೂರು ವಾರ ಆಯಿತು, ಉತ್ತರವೇ ಇಲ್ಲ. ಹೋದ ವರ್ಷ ನಮ್ಮ ಕಡೆಯ ಬಸ್ಸಿನ ಬಗ್ಗೆ ಬರೆದದ್ದು ಇನ್ನೊಂದು ಪತ್ರಿಕೆಯಲ್ಲಿ ಬಂದಿತ್ತು, ಆದರೆ ನನ್ನ ಹೆಸರಿಲ್ಲದೆ, ಬೇರೆ ಯಾರದ್ದೋ ವರದಿಯ ಹಾಗೆ. ಅಮ್ಮನಿಗೆ ತೋರಿಸಿದರೆ, "ಇದರಲ್ಲಿ ನೀನೆಲ್ಲಿ ಇದ್ದಿ?" ಅಂದರು. ಏನು ಹೇಳಬೇಕೆಂದು ಗೊತ್ತಾಗಲಿಲ್ಲ.

ಈಗ ನನ್ನ ಪ್ರಶ್ನೆಗಳು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಹೋಗಿ ಪತ್ರಿಕೋದ್ಯಮ ಎಂ.ಎ. ಮಾಡುವಷ್ಟು ಅನುಕೂಲ ನಮ್ಮ ಮನೆಯಲ್ಲಿಲ್ಲ. ಅದಿಲ್ಲದೆ ಫ್ರೀಲಾನ್ಸ್ ಬರವಣಿಗೆ ಕಲಿಯಬಹುದಾ? ಯಾರಿಗೆ, ಹೇಗೆ ಕಳಿಸಬೇಕು? ಇದರಲ್ಲಿ ದುಡ್ಡು ಬರುತ್ತದಾ? ಮತ್ತೆ ಎಲ್ಲಕ್ಕಿಂತ ಮುಖ್ಯ: ಕೌಂಟರಿನಲ್ಲಿ ಕೂತು ನೋಡಿದ್ದನ್ನು ಬರೆಯುವುದು ಸರಿಯಾ?

ಲೇಖನದ ಮೊದಲ ಪ್ಯಾರಾ ಇಲ್ಲಿ ಹಾಕುತ್ತೇನೆ. ತಪ್ಪಿದ್ದರೆ ನೇರವಾಗಿ ಹೇಳಿ.

"ಇಂದಿನ ಆಧುನಿಕ ಯುಗದಲ್ಲಿ ಭಾಷೆ ಎಂಬುದು ಮನುಷ್ಯ ಜೀವನದ ಅವಿಭಾಜ್ಯ ಅಂಗವಾಗಿದೆ. ಗಡಿನಾಡ ಕನ್ನಡಿಗರು ಹಲವಾರು ಸಮಸ್ಯೆಗಳನ್ನು ಎದುರಿಸುತ್ತಿದ್ದು, ಯಾರೂ ಅವರಿಗೆ ಕನ್ನಡದಲ್ಲಿ ಮಾಹಿತಿ ನೀಡುತ್ತಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕಾಗಿದೆ."

ಡೆಸ್ಕಿನಲ್ಲಿದ್ದವ:

ತಂಗೀ, ನಾನು ಮಂಗಳೂರಿನಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ 27 ವರ್ಷ ಇದ್ದೆ. ಈಗ ನಿವೃತ್ತ. ಹುಟ್ಟೂರು ಬದಿಯಡ್ಕ.

ನೇರವಾಗಿ ಹೇಳಿ ಅಂದಿದ್ದೀರಿ. ಈ ಪ್ಯಾರಾ ಓದಿದ ಉಪಸಂಪಾದಕರು ಎರಡನೇ ಪ್ಯಾರಾಕ್ಕೆ ಹೋಗಿರಲಿಕ್ಕಿಲ್ಲ. ಇದನ್ನು ಯಾರು ಬೇಕಾದರೂ ಬರೆಯಬಹುದು, ಎಲ್ಲಿ ಕೂತು ಬೇಕಾದರೂ ಬರೆಯಬಹುದು. ಅಜ್ಜ ಇಲ್ಲ, ಛತ್ರಿ ಇಲ್ಲ, ನೀವೂ ಇಲ್ಲ. "ಸಂಬಂಧಪಟ್ಟವರು" ಅಂದರೆ ಯಾರು? ಅವರಿಗೊಂದು ಹುದ್ದೆ ಇದೆ, ಕಚೇರಿ ಇದೆ, ಫೋನ್ ನಂಬರ್ ಇದೆ. ಅವರನ್ನು ಹುಡುಕಿ ಕೇಳುವುದೇ ವರದಿಗಾರನ ಕೆಲಸ.

ಆದರೆ ನಮಗೆ ಹೇಳುವಾಗ ನೀವು ಹಾಗೆ ಬರೆದಿಲ್ಲ. ನಿಮ್ಮ ಮಾತನ್ನೇ ತೆಗೆದು ಜೋಡಿಸಿದ್ದೇನೆ, ನೋಡಿ:

"ಎರಡು ವಾರಕ್ಕಿಂತ ಜಾಸ್ತಿ ಆ ಚೀಟಿ ಅಜ್ಜನ ಛತ್ರಿಯ ಮಡಿಕೆಯಲ್ಲಿತ್ತು. ಕಳೆದುಹೋಗಬಾರದೆಂದು ಅವರೇ ಅಲ್ಲಿಟ್ಟಿದ್ದರು. ಅವರಿಗೆ 78 ವರ್ಷ. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. 'ಇದರಲ್ಲಿ ಒಳ್ಳೆ ಸುದ್ದಿ ಉಂಟಾ?' ಎಂದು ಕೇಳಿದರು. ಪಿಂಚಣಿ ಉಳಿಸಿಕೊಳ್ಳಲು ಕೊಟ್ಟಿದ್ದ ದಿನ ಕಳೆದು ಆಗಲೇ 11 ದಿನ ಆಗಿತ್ತು."

ಇದರಲ್ಲಿ ನನ್ನದು ಅಂತ ಏನೂ ಇಲ್ಲ. ನಿಮಗೆ ಬರೆಯಲು ಬರುತ್ತದೆ. ಪತ್ರಿಕೆಗೆ ಅಂದ ಕೂಡಲೇ ಬೇರೆಯವರ ಸ್ವರದಲ್ಲಿ ಮಾತಾಡಲು ಹೊರಟಿದ್ದೀರಿ, ಅಷ್ಟೇ. ಬಿ.ಎ. ಪರೀಕ್ಷೆಯ ಪ್ರಬಂಧದ ಸ್ವರ ಅದು. ಅದನ್ನು ಬಿಡಿಸಿಕೊಳ್ಳಲು ನನ್ನ ಬಳಿ ಬರುತ್ತಿದ್ದ ಹೊಸ ಹುಡುಗರಿಗೆ ನಾನು ಒಂದೇ ಉಪಾಯ ಹೇಳುತ್ತಿದ್ದೆ: ಮನೆಯಲ್ಲಿ ಊಟಕ್ಕೆ ಕೂತಾಗ ಈ ಸಂಗತಿಯನ್ನು ಅಮ್ಮನಿಗೆ ಹೇಗೆ ಹೇಳುತ್ತೀಯೋ ಹಾಗೆ ಮೊದಲ ಮೂರು ವಾಕ್ಯ ಬರಿ. ಆಮೇಲೆ ತಿದ್ದೋಣ.

ಇನ್ನು ನಿಮ್ಮ ಬರಹದಲ್ಲಿ ಇಲ್ಲದ್ದರ ಬಗ್ಗೆ. ಇದೇ ನಿಜವಾದ ಕೆಲಸ. ಅಜ್ಜನಿಗೆ 78 ಅಂದರೆ 1956ರ ನವೆಂಬರ್ 1ಕ್ಕೆ ಸುಮಾರು ಒಂಬತ್ತು ವರ್ಷ. ಶಾಲೆಗೆ ಸೇರುವಾಗ ಅವರ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮೂರನೆಯದೋ ನಾಲ್ಕನೆಯದೋ ಕ್ಲಾಸಿಗೆ ಬರುವಾಗ ಕೇರಳ. ಅವರು ಎಲ್ಲಿಗೂ ಹೋಗಲಿಲ್ಲ, ರಾಜ್ಯವೇ ಬದಲಾಯಿತು. ಶಾಲೆಗೆ ಹೋಗಿದ್ದರಾ, ಎಷ್ಟನೇ ಕ್ಲಾಸಿನವರೆಗೆ, ಯಾವ ಭಾಷೆಯಲ್ಲಿ? ಕೇಳಿ. ಇಡೀ ಗಡಿಯ ಚರಿತ್ರೆ ಅವರ ಉತ್ತರದಲ್ಲೇ ಬಂದುಬಿಡುತ್ತದೆ, ನೀವು ಬೇರೆ ಬರೆಯಬೇಕಾಗಿಲ್ಲ.

ಚೀಟಿ ಕೊಟ್ಟವರು ಯಾರು? ಅದು ಕನ್ನಡದಲ್ಲೂ ಇತ್ತಾ? "ಯಾರೂ ಕನ್ನಡದಲ್ಲಿ ಮಾಹಿತಿ ನೀಡುತ್ತಿಲ್ಲ" ಎಂದು ಬರೆದಿದ್ದೀರಲ್ಲ, ಅದು ನಿಮಗೆ ಗೊತ್ತಿರುವುದಾ, ಅನಿಸಿದ್ದಾ? ಆ ಕಚೇರಿಗೆ ಹೋಗಿ ಕೇಳಿದ್ದೀರಾ? ಇನ್ನೂ ಎಷ್ಟು ಜನರಿಗೆ ಹೀಗಾಗಿದೆ? ಲೆಕ್ಕ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕಾನೂನಿನ ವಿಷಯಕ್ಕೆ ಬಂದರೆ, ಸರಕಾರಕ್ಕೆ ಕೊಡುವ ಮನವಿಯ ಭಾಷೆಯ ಬಗ್ಗೆ ಇರುವ ಸಂವಿಧಾನದ 350ನೇ ವಿಧಿಯನ್ನು ಓದಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರ ಪತ್ರವ್ಯವಹಾರದ ಬಗ್ಗೆ ಇರುವ ಭಾಗವನ್ನೂ ಓದಿ. ನಾನು ಹೇಳಿದೆ ಅಂತ ಬರೆಯಬೇಡಿ. ಮೂಲ ಕಾಗದವನ್ನು ಕಣ್ಣಾರೆ ಓದಿಯೇ ಬರೆಯಿರಿ.

ಕಳಿಸುವ ವಿಷಯ. ಇಮೇಲಿನ ವಿಷಯದ ಜಾಗದಲ್ಲಿ "ಲೇಖನ" ಅಂತ ಬರೆದರೆ ಅದು ಅಂಥ ನೂರರ ಜೊತೆ ಸೇರಿಹೋಗುತ್ತದೆ. "ಮಲಯಾಳ ನೋಟೀಸು ಓದಲಾಗದೆ ನಿಂತ ಪಿಂಚಣಿ: ಪೆರ್ಲದಿಂದ ವರದಿ, 500 ಪದ, 2 ಫೋಟೋ" ಎಂದು ಬರೆಯಿರಿ. ಬರಹ ಯೂನಿಕೋಡಿನಲ್ಲಿರಲಿ. ನುಡಿ ತಂತ್ರಾಂಶದ ಅಕ್ಷರದಲ್ಲಿ ಬೇಕೆಂದರೆ ಅವರೇ ಹೇಳುತ್ತಾರೆ. ಕೈಬರಹದ ಫೋಟೋ, ಪಿಡಿಎಫ್ ಬೇಡ. ಡೆಸ್ಕಿನಲ್ಲಿ ಅದನ್ನು ಮತ್ತೆ ಕೂತು ಟೈಪ್ ಮಾಡುವವರಿಲ್ಲ. ಫೋಟೋವನ್ನು ವಾಟ್ಸಾಪಿನಲ್ಲಿ ಸುಮ್ನೆ ಹಾಕಿದರೆ ಸಣ್ಣದಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋದಲ್ಲಿ ಯಾರಿದ್ದಾರೆ, ಎಲ್ಲಿ, ಯಾವತ್ತು ಎಂಬ ಒಂದು ಸಾಲು ಕಡ್ಡಾಯ. ಕೊನೆಗೆ ನಿಮ್ಮ ಹೆಸರು, ಊರು, ಫೋನ್ ನಂಬರ್. ಹೋದ ವರ್ಷದ ಬಸ್ಸಿನ ಬರಹದ ಕೆಳಗೆ ಹೆಸರು ಹಾಕಿದ್ದಿರಾ, ಬರೀ ಇಮೇಲಿನಲ್ಲಿ ಇತ್ತಾ? ಹಾಕಿದ್ದೂ ಬಿಟ್ಟಿದ್ದರೆ ಅದು ಅವರ ತಪ್ಪು, ಫೋನ್ ಮಾಡಿ ಕೇಳುವುದಕ್ಕೆ ನಿಮಗೆ ಪೂರ್ತಿ ಹಕ್ಕಿದೆ.

ಸುದ್ದಿಯಾದರೆ ಎರಡು ದಿನ, ಪುರವಣಿಗಾದರೆ ಎರಡು ವಾರ ಕಾಯಿರಿ. ಆಮೇಲೆ ಒಂದು ಸಲ ಫೋನ್ ಮಾಡಿ. ಸಂಜೆ ಆರರ ನಂತರ ಮಾತ್ರ ಬೇಡ, ಪುಟ ಕಟ್ಟುವ ಹೊತ್ತು. "ಬೇಡ" ಅಂದರೆ ಬೇರೆಯವರಿಗೆ ಕಳಿಸಿ. ಒಂದೇ ಬರಹವನ್ನು ಒಟ್ಟಿಗೆ ಮೂರು ಕಡೆ ಕಳಿಸಿದರೆ, ಒಂದೇ ದಿನ ಎರಡು ಪತ್ರಿಕೆಯಲ್ಲಿ ಬಂದರೆ, ಎರಡೂ ಬಾಗಿಲು ಮುಚ್ಚುತ್ತವೆ.

ತೋಡಿನ ಬದಿ:

ಮಗಾ, ನನಗೆ 52. ನಿನ್ನ ಅಮ್ಮನ ಪ್ರಾಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನೂ ನಿನ್ನ ಪೆರ್ಲ ಇರುವ ಎಣ್ಮಕಜೆ ಪಂಚಾಯತಿನವಳೇ. ಅಡಿಕೆ ತೋಟ, ಎರಡು ದನ, ನಡುವೆ ಬರವಣಿಗೆ. ಬರೆಯಲು ಶುರು ಮಾಡಿ 19 ವರ್ಷ ಆಯಿತು. ಪತ್ರಿಕೋದ್ಯಮ ಓದಿದವಳಲ್ಲ, ಹತ್ತನೇ ಕ್ಲಾಸು.

ನಾನು ಕಲಿತದ್ದು ಒಂದು ಕಟ್ಟದಿಂದ. ಹೊರಗಿನವರಿಗಾಗಿ ಹೇಳುತ್ತೇನೆ: ಮಳೆಗಾಲ ಮುಗಿದು ತೋಡಿನ, ಅಂದರೆ ಹಳ್ಳದ, ನೀರು ಇಳಿಯುವಾಗ, ಡಿಸೆಂಬರಿನ ಹೊತ್ತಿಗೆ, ಅಡ್ಡಕ್ಕೆ ಕಲ್ಲು ಮಣ್ಣು ಹಾಕಿ ನಿಲ್ಲಿಸುತ್ತಾರಲ್ಲ, ಅದೇ ಕಟ್ಟ. ಮುಂದಿನ ಮಳೆಗೆ ಅದು ಹೋಗುತ್ತದೆ. ನಮ್ಮ ತೋಡಿನಲ್ಲಿ ನಿಂತುಹೋಗಿದ್ದ ಕಟ್ಟವನ್ನು ಆ ವರ್ಷ ಏಳು ಮನೆಯವರು ಸೇರಿ ಮತ್ತೆ ಕಟ್ಟಿದರು. ನಾನು ಖುಷಿಯಲ್ಲಿ ಬರೆದೆ, "ಕಟ್ಟದಿಂದಾಗಿ ಸುತ್ತಲಿನ ಬಾವಿಗಳಲ್ಲಿ ನೀರು ಏರಿತು." ಒಂದು ಕೃಷಿ ಪತ್ರಿಕೆಗೆ ಕಳಿಸಿದೆ. ಅಲ್ಲಿಂದ ಒಂದು ಪೋಸ್ಟ್ ಕಾರ್ಡು ಬಂತು. ಅದರಲ್ಲಿ ಎರಡೇ ಸಾಲು: "ಎಷ್ಟು ಏರಿತು? ಅಳೆದವರು ಯಾರು?"

ನನಗೆ ಬೇಸರವಾಯಿತು. ಕಣ್ಣಿಗೆ ಕಾಣುವುದನ್ನು ಅಳೆಯುವುದೆಂತ ಅನಿಸಿತು. ಆದರೂ ಮುಂದಿನ ವರ್ಷ ಹುರಿಹಗ್ಗ ತಗೊಂಡು ಒಂದೊಂದು ಕೋಲಿನ ಅಳತೆಗೆ ಒಂದು ಗಂಟು ಹಾಕಿದೆ. ತುದಿಗೆ ಒಂದು ಕಲ್ಲು. ಡಿಸೆಂಬರಿನಿಂದ ಮಾರ್ಚಿನವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಐದು ಬಾವಿಗೆ ಹಗ್ಗ ಇಳಿಸಿ ಬರೆದುಕೊಂಡೆ. ಮೋಟಾರು ಹಾಕುವ ಮೊದಲು, ಯಾವಾಗಲೂ ಏಳು ಗಂಟೆಗೆ. ಮೂರು ಬಾವಿಯಲ್ಲಿ ನೀರು ಕಟ್ಟ ಇಲ್ಲದ ವರ್ಷಗಳಿಗಿಂತ ತಡವಾಗಿ ಇಳಿಯಿತು. ನಾಲ್ಕನೆಯದರಲ್ಲಿ ಸ್ವಲ್ಪ. ಗುಡ್ಡೆಯ ಬದಿಯ ಐದನೇ ಬಾವಿಯಲ್ಲಿ ಏನೂ ಆಗಲಿಲ್ಲ. ಆ ಮನೆಯವರು, "ನಮಗೆ ಪ್ರಯೋಜನ ಆಗ್ಲಿಲ್ಲ, ಆದ್ರೂ ಮಣ್ಣು ಹೊರಲಿಕ್ಕೆ ಬರ್ತೇವೆ" ಅಂದರು. ಐದನೇ ಬಾವಿಯನ್ನೂ ಆ ಮಾತನ್ನೂ ಸೇರಿಸಿ ಬರೆದೆ. ಬರಹ ಅಚ್ಚಾಯಿತು. ಆಮೇಲೆ ಬಂದ ಕಾಗದಗಳೆಲ್ಲ ಆ ಐದನೇ ಬಾವಿಯ ಬಗ್ಗೆಯೇ. ಯಾಕೆ ಏರಲಿಲ್ಲ ಅಂತ ಒಬ್ಬರು ಸುಳ್ಯದಿಂದ ನೋಡಲಿಕ್ಕೇ ಬಂದರು. ಬರೀ ಒಳ್ಳೆಯದನ್ನೇ ಬರೆದಿದ್ದರೆ ಅವರು ಬರುತ್ತಿರಲಿಲ್ಲ.

ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆ 1988ರಿಂದ ನಡೆಯುತ್ತಿದೆ. ಕೃಷಿಕರ ಕೈಗೆ ಲೇಖನಿ ಎಂಬುದು ಅವರ ಮಾತು. ತೋಟದವರೇ ಬರೆಯಬೇಕು, ಕಚೇರಿಯಲ್ಲಿ ಕೂತವರಲ್ಲ ಅಂತ. ನಮ್ಮಂಥ ಎಷ್ಟೋ ಜನರಿಗೆ ಧೈರ್ಯ ಬಂದದ್ದೇ ಆ ಮಾತಿನಿಂದ. ನಿನ್ನ ಕೌಂಟರು ನಿನ್ನ ತೋಟ ಅಂತ ತಿಳಿ.

ಈಗ ನಿನ್ನ ಕೊನೆಯ ಪ್ರಶ್ನೆ. ನಾನು ಈ ಉತ್ತರ ಬರೆಯಲು ಕೂತದ್ದೇ ಅದಕ್ಕೆ.

ಹೆಲಿಕಾಪ್ಟರ್ ಬಂದು ಗೇರು ತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಬಿಡುವುದನ್ನು ನಾವು ಮಕ್ಕಳು ಗುಡ್ಡೆ ಹತ್ತಿ ನೋಡುತ್ತಿದ್ದೆವು. ನಮಗದು ಜಾತ್ರೆಯ ಹಾಗೆ. ಕರುಗಳು ಕಾಲು ಸೊಟ್ಟವಾಗಿ ಹುಟ್ಟುವುದನ್ನು ಕಂಡು ಮೊದಲು ಬರೆದವರು ನಮ್ಮ ಪಡ್ರೆ ಊರಿನಲ್ಲೇ ಇದ್ದ ಪತ್ರಕರ್ತ ಶ್ರೀ ಪಡ್ರೆಯವರು, 1970ರ ದಶಕದ ಕೊನೆಗೆ. ವಾಣಿನಗರದ ಡಾಕ್ಟರು ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಮನೆ ಎಲ್ಲೆಲ್ಲಿ ಅಂತ ನೋಡಿ, ಒಂದೇ ಕಡೆಯವರು ಯಾಕೆ ಇಷ್ಟು ಜನ ಎಂದು ಯೋಚಿಸಿದರು. ದೂರದಿಂದ ಬಂದವರಿಗೆ ಇದು ಕಾಣುತ್ತಿರಲಿಲ್ಲ. ಊರಿನಲ್ಲೇ ಇದ್ದು ದಿನಾ ನೋಡಿದವರಿಗೆ ಕಂಡಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ನಿಲ್ಲಿಸಿತು. ಬರೆದದ್ದರಿಂದ ಆದದ್ದು ಸಣ್ಣದಲ್ಲ.

ಆದರೆ ಇನ್ನೊಂದನ್ನೂ ನೋಡಿದ್ದೇನೆ. ಸುದ್ದಿ ದೊಡ್ಡದಾದ ಮೇಲೆ ಕ್ಯಾಮರಾ ಹಿಡಿದವರು ಸಾಲಾಗಿ ಬಂದರು. ಅದೇ ಮನೆ, ಅದೇ ಮಗು. ಒಂದು ಮನೆಯ ತಾಯಿ ಕಾರಿನ ಸದ್ದು ಕೇಳಿದರೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕುತ್ತಿದ್ದಳು. "ಫೋಟೋ ತೆಗ್ದವ್ರು ಒಬ್ರೂ ಆ ಪೇಪರು ತಂದು ತೋರಿಸ್ಲಿಲ್ಲ" ಅಂದಳು ನನ್ನ ಹತ್ತಿರ. ಆಮೇಲೆ ನಾನು ಬರೆದ ಯಾರ ವಿಷಯವೇ ಆಗಲಿ, ಅಚ್ಚಾದ ಪತ್ರಿಕೆಯನ್ನು ಅವರ ಕೈಗೆ ಕೊಡದೆ ಬಿಟ್ಟಿಲ್ಲ.

ಕೌಂಟರಿನಲ್ಲಿ ಕಂಡದ್ದು ನಿನ್ನದಲ್ಲ ಮಗಾ. ಆ ಅಜ್ಜ ನಿನ್ನ ಹತ್ತಿರ ಬಂದದ್ದು ಪತ್ರಿಕೆಯವಳು ಅಂತ ಅಲ್ಲ. ಆಧಾರ್ ನಂಬರ್, ರೇಷನ್ ಕಾರ್ಡಿನ ಬಣ್ಣ, ಯಾರಿಗೆ ಯಾವ ರೋಗದ ಸರ್ಟಿಫಿಕೇಟ್, ಇದೆಲ್ಲ ನಂಬಿಕೆಯಿಂದ ನಿನ್ನ ಮುಂದಿಟ್ಟದ್ದು. ಒಂದು ರಜಾದಿನ ಅವರ ಮನೆಗೆ ಹೋಗು. ಅಂಗಳದಲ್ಲಿ ಕೂತುಕೋ. "ಅಜ್ಜ, ನಾನಿದನ್ನು ಪೇಪರಿಗೆ ಬರೆಯಬೇಕು ಅಂತ ಇದ್ದೇನೆ, ನಿಮಗೆ ಅಡ್ಡಿ ಇಲ್ವಾ?" ಅಂತ ಕೇಳು. ಬರೆದ ಮೇಲೆ ಅವರ ಭಾಗವನ್ನು ಓದಿ ಹೇಳು. ಬೇಡ ಅಂದರೆ ಬೇಡ. ನಿನ್ನ ಕೇಂದ್ರದ ಯಜಮಾನರಿಗೂ ಮೊದಲೇ ಹೇಳಿಬಿಡು, ಪೇಪರಿನಲ್ಲಿ ನೋಡಿ ತಿಳಿಯುವ ಹಾಗೆ ಆಗಬಾರದು.

ಹೊಸಂಗಡಿಯವ:

ಮೇಲಿನ ಇಬ್ಬರು ಬರವಣಿಗೆ ಹೇಳಿದ್ದಾರೆ. ನಾನು ದುಡ್ಡಿನ ವಿಷಯ ಹೇಳುತ್ತೇನೆ. ಆರು ವರ್ಷದಿಂದ ಇದೇ ನನ್ನ ಜೀವನ, ಬೇರೆ ಕೆಲಸ ಇಲ್ಲ.

ಪೆರ್ಲದವರೇ, ಅಕ್ಷಯದ ಕೆಲಸ ಈಗಲೇ ಬಿಡಬೇಡಿ. ನನ್ನ ಲೆಕ್ಕದ ಪುಸ್ತಕದಲ್ಲಿ ಕಳೆದ ವರ್ಷ ಹೀಗಿದೆ: ಪತ್ರಿಕೆಗಳಿಗೆ ಕಳಿಸಿದ್ದು 41 ಬರಹ, ಅಚ್ಚಾದದ್ದು 23, ದುಡ್ಡು ಬಂದದ್ದು 14ಕ್ಕೆ. ಆ 14ರಿಂದ ಮನೆ ಬಾಡಿಗೆ ಕೂಡ ಪೂರ್ತಿ ಆಗಲಿಲ್ಲ. ನನ್ನ ಊಟ ನಡೆಯುವುದು ಅನುವಾದದಿಂದ. ಮಲಯಾಳದಿಂದ ಕನ್ನಡಕ್ಕೆ ಕರಪತ್ರ, ಕೃಷಿ ಮಾಹಿತಿಯ ಪುಸ್ತಿಕೆ, ವೀಡಿಯೋಗಳ ಸಬ್‌ಟೈಟಲ್. ದೇವಸ್ಥಾನಗಳ ಬ್ರಹ್ಮಕಲಶದ ಸೀಸನ್ನಿನಲ್ಲಿ ಸ್ಮರಣ ಸಂಚಿಕೆಗಳ ಕೆಲಸ, ಬರೆಸುವುದು, ತಿದ್ದುವುದು, ಪ್ರೂಫ್ ನೋಡುವುದು. ನಿಮಗೆ ಎರಡೂ ಲಿಪಿ ಓದಲು ಬರುತ್ತದೆ ಅಂದಿರಲ್ಲ. ಸರಕಾರಿ ಮಲಯಾಳ ಬೇರೆ, ಬಸ್ಸಿನಲ್ಲಿ ಆಡುವ ಮಲಯಾಳ ಬೇರೆ. ನೀವು ದಿನಾ ಓದುವುದು ಸರಕಾರಿಯದ್ದು. ಅದನ್ನು ಅಜ್ಜನಿಗೆ ಅರ್ಥ ಆಗುವ ಕನ್ನಡದಲ್ಲಿ ಹೇಳುತ್ತೀರಿ. ನಾಲ್ಕು ವರ್ಷದಿಂದ ನೀವು ಮಾಡುತ್ತಿರುವುದು ಅನುವಾದವೇ, ಅದಕ್ಕೆ ಯಾರೂ ದುಡ್ಡು ಕೊಟ್ಟಿಲ್ಲ ಅಷ್ಟೇ.

ಸಂಭಾವನೆ ಎಷ್ಟು, ಯಾವಾಗ ಅಂತ ಬರೆಯುವ ಮೊದಲೇ ಕೇಳಿ. ನಾನು ಮೊದಲ ಎರಡು ವರ್ಷ ಸಂಕೋಚ ಮಾಡಿದೆ. ಒಂದು ಕಡೆ ಎಂಟು ಕಂತು ಬರೆಸಿಕೊಂಡು, "ಹೆಸರು ಬಂತಲ್ವಾ" ಅಂದುಬಿಟ್ಟರು. ಈಗ ಇಮೇಲಿನಲ್ಲೇ ಕೇಳುತ್ತೇನೆ, ಉತ್ತರವನ್ನು ತೆಗೆದಿಡುತ್ತೇನೆ. ಪ್ಯಾನ್ ಕಾರ್ಡು ಇರಲಿ. ಟಿಡಿಎಸ್ (ದುಡ್ಡು ಕೊಡುವವರು ಮೊದಲೇ ಹಿಡಿಯುವ ತೆರಿಗೆ) ಹಿಡಿದಿದ್ದು, ನಿಮಗೆ ಅಷ್ಟು ತೆರಿಗೆ ಬೀಳದಿದ್ದರೆ, ಆದಾಯ ತೆರಿಗೆ ರಿಟರ್ನ್ ಹಾಕಿ ವಾಪಸು ಪಡೆಯಬಹುದು, ಇದನ್ನು ಎಷ್ಟೋ ಜನ ಮಾಡುವುದೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರಿಯಲ್ಲಿಲ್ಲದೆ ಬರೆದ ಲೇಖನದ ಹಕ್ಕು ಬರೆದವರದ್ದೇ, ಲಿಖಿತ ಒಪ್ಪಂದದಲ್ಲಿ ಬಿಟ್ಟುಕೊಡದಿದ್ದರೆ. ಹಾಗಾಗಿ ಸಹಿ ಹಾಕುವ ಮೊದಲು ಪೂರ್ತಿ ಓದಿ.

ಇನ್ನು ಎರಡು ಎಚ್ಚರಿಕೆ. ದುಡ್ಡು ಕೊಟ್ಟರೆ ಪ್ರೆಸ್ ಕಾರ್ಡು ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ತೆಗೆದುಕೊಳ್ಳಬೇಡಿ. ಗ್ರಾಮಸಭೆಗೆ ಹೋಗಲು, ಮಾಹಿತಿ ಹಕ್ಕಿನಲ್ಲಿ ಕೇಳಲು, ಅಜ್ಜನ ಅಂಗಳದಲ್ಲಿ ಕೂರಲು ಕಾರ್ಡು ಬೇಡ. ಹಾಗೇ, "ನಿಮ್ಮ ಊರಿನ ಸ್ಟ್ರಿಂಗರ್ (ಅರೆಕಾಲಿಕ ವರದಿಗಾರ) ಆಗಿ, ಜೊತೆಗೆ ತಿಂಗಳಿಗಿಷ್ಟು ಜಾಹೀರಾತು ತಂದುಕೊಡಿ" ಅನ್ನುವವರೂ ಇದ್ದಾರೆ. ಯಾರ ಹತ್ತಿರ ಜಾಹೀರಾತು ಕೇಳುತ್ತೀರೋ ಅವರ ಬಗ್ಗೆ ನಾಳೆ ಬರೆಯಲು ಆಗುವುದಿಲ್ಲ. ನಾನು ಏಳು ತಿಂಗಳು ಮಾಡಿ ಬಿಟ್ಟೆ.

ಪೆರ್ಲದವಳು:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಮೂವರೂ ಹೇಳಿದ್ದನ್ನು ಮಾಡಿ ಬಂದು ಬರೆಯೋಣ ಅಂತ ಕಾದೆ. 16 ದಿನ ಆಯಿತು.

ಬಸ್ಸಿನ ಬರಹದ ಕೆಳಗೆ ಹೆಸರು ಹಾಕಿರಲಿಲ್ಲ. ಇಮೇಲಿನಲ್ಲಿ ಮಾತ್ರ ಇತ್ತು.

ಭಾನುವಾರ ಅಜ್ಜನ ಮನೆಗೆ ಹೋದೆ. ಮಸ್ಟರಿಂಗ್ ಅವತ್ತೇ ಮಾಡಿಸಿ ಕಳಿಸಿದ್ದೆ, ಪಿಂಚಣಿ ಇನ್ನೂ ಬಂದಿಲ್ಲ. ಶಾಲೆಯ ವಿಷಯ ಕೇಳಿದೆ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆ. "ಆಗ ಒಂದು ದಿನ ಮಾಷ್ಟ್ರು ಬಂದು ಇನ್ನು ನಮ್ಮದು ಕೇರಳ ಅಂದ್ರು. ನಾನು ಮನೆಗೆ ಬಂದು ಅಪ್ಪನ ಹತ್ರ, ನಾವು ಹೊರಡ್ಬೇಕಾ ಅಂತ ಕೇಳಿದೆ" ಅಂದರು. ಇದನ್ನು ಬರೆದುಕೊಳ್ಳುವಾಗ ನನ್ನ ಕೈ ನಿಂತುಬಿಟ್ಟಿತು.

ಬರೆಯಬಹುದಾ ಅಂತ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಿಂಚಣಿ ನಿಂತದ್ದು ಮಗಳ ಮನೆಯಲ್ಲಿ ಗೊತ್ತಿಲ್ಲವಂತೆ. ಪ್ರತಿ ತಿಂಗಳು ಮೊಮ್ಮಗಳಿಗೆ ಸ್ವಲ್ಪ ಕೊಡುತ್ತಿದ್ದರಂತೆ. ಈ ಎರಡು ತಿಂಗಳು ಅಡಿಕೆ ಹೆಕ್ಕಿದ ದುಡ್ಡಿನಿಂದ ಕೊಟ್ಟಿದ್ದಾರೆ. "ಹೆಸರು ಬೇಡ, ಊರೂ ಬೇಡ, ಮೊಮ್ಮಗಳ ಸುದ್ದಿ ಬೇಡವೇ ಬೇಡ. ಛತ್ರಿದು ಬೇಕಾದ್ರೆ ಬರಿ" ಅಂದರು. ಇಲ್ಲಿ ಈಗ ಬರೆದದ್ದಕ್ಕೂ ಅವರನ್ನು ಕೇಳಿದ್ದೇನೆ. ಇಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿಲ್ಲ ಅಂದ ಮೇಲೆ ಒಪ್ಪಿದರು. ಆದರೆ ನಾನು ಮೊದಲ ಸಲ ಬರೆಯುವಾಗ ಕೇಳದೆ ಬರೆದಿದ್ದೆ. ಅದು ತಪ್ಪಾಯಿತು.

ಆಮೇಲೆ ಚೀಟಿ ಕೊಟ್ಟ ಕಚೇರಿಗೆ ಹೋದೆ. ನಿಮ್ಮ ಪ್ರಶ್ನೆ ಸರಿಯಾಗಿತ್ತು ಸರ್. ಕನ್ನಡದಲ್ಲೂ ಒಂದು ನೋಟೀಸು ಇತ್ತು! ಜಗಲಿಯ ಬೋರ್ಡಿನಲ್ಲಿ, ಗಾಜಿನ ಒಳಗೆ, ಬೇರೆ ಎರಡು ಕಾಗದಗಳ ಅಡಿಯಲ್ಲಿ. ಮೇಲಿನ ಒಂದು ಸಾಲು ಮಾತ್ರ ಕಾಣುತ್ತಿತ್ತು. ಅಲ್ಲಿದ್ದ ಅಧಿಕಾರಿಗೆ ತೋರಿಸಿದೆ. ಅವರೂ ಅದನ್ನು ಮೊದಲ ಸಲ ನೋಡಿದ್ದು ಆಗಲೇ ಅನಿಸುತ್ತದೆ. ಬೀಗದ ಕೈ ತರಿಸಿ ಆ ನೋಟೀಸನ್ನು ಮೇಲೆ ಹಾಕಿಸಿದರು. ಮನೆಮನೆಗೆ ಕೊಟ್ಟ ಚೀಟಿ ಮಾತ್ರ ಮಲಯಾಳದ್ದೇ ಅಂತ ಒಪ್ಪಿಕೊಂಡರು. ಹಾಗಾಗಿ "ಯಾರೂ ಕನ್ನಡದಲ್ಲಿ ಮಾಹಿತಿ ನೀಡುತ್ತಿಲ್ಲ" ಎಂಬ ಸಾಲು ತೆಗೆದು, ನೋಡಿದ್ದನ್ನು ನೋಡಿದ ಹಾಗೆ ಬರೆದಿದ್ದೇನೆ. 480 ಪದ ಆಗಿದೆ. ಅಜ್ಜನಿಗೆ ಓದಿ ಹೇಳಿ ಆಯಿತು. ಒಂದು ಕಡೆ ತಿದ್ದಿಸಿದರು, ಅವರ ಛತ್ರಿ ಕಪ್ಪಲ್ಲವಂತೆ, ಹಳತಾಗಿ ಕಂದು ಆಗಿದೆಯಂತೆ.

ನಾಳೆ ಕಳಿಸಬೇಕು. ಒಂದೇ ಸಂಶಯ. ಬೋರ್ಡಿನ ಫೋಟೋ ತೆಗೆದಿದ್ದೇನೆ. ಅದೇ ಬೋರ್ಡಿನಲ್ಲಿ ಯಾವುದೋ ಸಹಾಯಧನದ ಪಟ್ಟಿಯೂ ಇದೆ, ಅದರಲ್ಲಿ ಜನರ ಹೆಸರು, ಮನೆ ನಂಬರ್ ಎಲ್ಲ ಕಾಣುತ್ತದೆ. ಏನು ಮಾಡಲಿ?

ಡೆಸ್ಕಿನಲ್ಲಿದ್ದವ:

ಆ ಪಟ್ಟಿಯ ಭಾಗವನ್ನು ಕತ್ತರಿಸಿ ಕಳಿಸಿ ತಂಗೀ. ಕತ್ತರಿಸಲು ಆಗದಿದ್ದರೆ ಮಸುಕು ಮಾಡಿ, ಮಸುಕು ಮಾಡಿದ್ದೇನೆಂದು ಫೋಟೋದ ಸಾಲಿನಲ್ಲಿ ಬರೆಯಿರಿ. ಮೂಲ ಫೋಟೋವನ್ನು ಅಳಿಸಬೇಡಿ, ಯಾರಾದರೂ ಪ್ರಶ್ನೆ ಮಾಡಿದರೆ ಬೇಕಾಗುತ್ತದೆ. ಅಧಿಕಾರಿ ನೋಟೀಸನ್ನು ಮೇಲೆ ಹಾಕಿಸಿದ್ದನ್ನೂ ಬರೆದಿದ್ದೀರಿ ತಾನೇ? ಮತ್ತೆ, ಕೆಳಗೆ ನಿಮ್ಮ ಹೆಸರು.